ಲ್ಯಾಪ್‌ಟಾಪಿನ ತೆರೆಯ ಮೇಲೆ ದೂರದರ್ಶನ

ಮನೆಯ ಟಿವಿ ಕೆಟ್ಟು ಮೂಲೆ ಸೇರಿದೆ. ಓದುವ ಹುಡುಗನ ಲ್ಯಾಪ್‌ಟಾಪು ಸಂಜೆಯ ಹೊತ್ತು ಮೇಜಿನ ಮೇಲೆ ಸುಮ್ಮನೆ ಕುಳಿತಿರುತ್ತದೆ. ಮಾಳಿಗೆಯ ಮೇಲಿನ ಡಿಶ್ಶಿಗೆ ಇದನ್ನೇ ಜೋಡಿಸಿ ಚಂದನದ ವಾರ್ತೆ ನೋಡಲಾಗದೇ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಕಡೆಯ ಗೃಹಸ್ಥರಲ್ಲಿ ತಮಗೂ ಈ ಪ್ರಶ್ನೆ ಎಂದಾದರೂ ಸುಳಿದಿರಬೇಕು. ನೋಡಲು ಬರುತ್ತದೆ. ಆದರೆ ಪೇಟೆಯಿಂದ ಒಂದು ತಂತಿ ತಂದು ಸಿಕ್ಕಿಸಿದ ಮಾತ್ರಕ್ಕೆ ಕೆಲಸವಾಗುವುದಿಲ್ಲ.

ಇದಕ್ಕೆ ಕಾರಣವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಎಚ್‌ಡಿಎಂಐ ಎಂಬ ಚಪ್ಪಟೆ ಕಿಂಡಿ ಎಷ್ಟೋ ಡಿಶ್ ಪೆಟ್ಟಿಗೆಗಳಿಗೂ ಇದೆ, ಲ್ಯಾಪ್‌ಟಾಪಿಗೂ ಇದೆ. ಆಕಾರ ಒಂದೇ ಆದ್ದರಿಂದ ಎರಡನ್ನೂ ಕೂಡಿಸಿದರೆ ಸಾಕೆಂದು ಜನ ಭಾವಿಸುತ್ತಾರೆ. ಆದರೆ ಎರಡೂ ಹೊರಬಾಗಿಲುಗಳೇ. ಲ್ಯಾಪ್‌ಟಾಪು ತನ್ನ ಚಿತ್ರವನ್ನು ದೊಡ್ಡ ಟಿವಿಗೆ ಕಳಿಸಲೆಂದು ಆ ಕಿಂಡಿಯನ್ನು ಇಟ್ಟಿದ್ದಾರೆಯೇ ಹೊರತು ಹೊರಗಿನ ಚಿತ್ರವನ್ನು ಒಳಗೆ ಕರೆದುಕೊಳ್ಳಲು ಅಲ್ಲ. ಎರಡು ಪಂಪುಸೆಟ್ಟುಗಳ ನೀರು ಬೀಳುವ ಕೊಳವೆಗಳನ್ನು ಬಾಯಿಗೆ ಬಾಯಿ ಹಚ್ಚಿದರೆ ಯಾವ ಕಬ್ಬಿನ ಹೊಲಕ್ಕೆ ನೀರು ಹರಿದೀತು?

ಒಳಬಾಗಿಲು ಎಂದರೆ ಯುಎಸ್‌ಬಿ. ಅದಕ್ಕೆ ಸಿಕ್ಕಿಸುವ, ಬೆರಳುದ್ದದ ಒಂದು ಉಪಕರಣಕ್ಕೆ ಅಂಗಡಿಯವರು ವಿಡಿಯೊ ಕ್ಯಾಪ್ಚರ್ ಎನ್ನುತ್ತಾರೆ. ಹೊರಗಿನ ಚಿತ್ರವನ್ನು ಲ್ಯಾಪ್‌ಟಾಪಿಗೆ ಅರ್ಥವಾಗುವ ಅಂಕೆಗಳನ್ನಾಗಿ ಮಾಡಿ ಒಳಗೆ ಬಿಡುವುದೇ ಇದರ ಕೆಲಸ. ಇದರಲ್ಲಿ ಎಚ್‌ಡಿಎಂಐ ತಂತಿಗೆ ಒಂದು ಬಗೆ, ಹಳದಿ, ಬಿಳಿ, ಕೆಂಪು ಬಣ್ಣದ ಮೂರು ತಂತಿಗಳಿಗೆ ಇನ್ನೊಂದು ಬಗೆ. ತಮ್ಮ ಪೆಟ್ಟಿಗೆಯ ಬೆನ್ನನ್ನು ನೋಡಿಕೊಂಡೇ ಕೊಳ್ಳತಕ್ಕದ್ದು. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಆರಂಭವಾಗಿ, ಈಗ ಡಿಡಿ ಫ್ರೀ ಡಿಶ್ ಎನಿಸಿಕೊಂಡಿರುವ, ತಿಂಗಳ ಬಾಡಿಗೆಯಿಲ್ಲದ ಸೇವೆಯ ಅಗ್ಗದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಮೂರು ಬಣ್ಣದ ಕಿಂಡಿಗಳಿರುತ್ತವೆ. ಹಳದಿ ಚಿತ್ರಕ್ಕೆ, ಬಿಳಿ ಎಡಗಡೆಯ ಧ್ವನಿಗೆ, ಕೆಂಪು ಬಲಗಡೆಯ ಧ್ವನಿಗೆ.

ತಂತಿ ಜೋಡಿಸಿದ ಮೇಲೆ ವಿಎಲ್‌ಸಿ ಎಂಬ ಉಚಿತ ತಂತ್ರಾಂಶವನ್ನು ತೆರೆದು, ಮೀಡಿಯಾ ಪಟ್ಟಿಯಲ್ಲಿ ಓಪನ್ ಕ್ಯಾಪ್ಚರ್ ಡಿವೈಸ್ ಎಂಬುದನ್ನು ಒತ್ತಿರಿ. ಅಲ್ಲಿ ಚಿತ್ರದ ಸಾಧನವನ್ನೂ ಧ್ವನಿಯ ಸಾಧನವನ್ನೂ ಬೇರೆಬೇರೆಯಾಗಿ ಆರಿಸಬೇಕು. ಎರಡನೆಯದನ್ನು ಮರೆತು, ಮೂಕಚಿತ್ರ ಬಂದಿತೆಂದು ಅಂಗಡಿಯವನೊಡನೆ ಜಗಳಕ್ಕೆ ಹೋಗಬೇಡಿರಿ. ಹಳದಿ ತಂತಿಯಲ್ಲಿ ಬರುವ ಚಿತ್ರ 576 ಗೆರೆಗಳದು. ಸೆಕೆಂಡಿಗೆ 25 ಚಿತ್ರಗಳು, ಪ್ರತಿಯೊಂದೂ ಅರ್ಧರ್ಧವಾಗಿ ಬರುತ್ತದೆ. ಆದ್ದರಿಂದ ಓಡುವ ಆಟಗಾರನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆಗಳು ಕಂಡರೆ, ವಿಡಿಯೊ ಪಟ್ಟಿಯಲ್ಲಿರುವ ಡಿಇಂಟರ್‌ಲೇಸ್ ಎಂಬುದನ್ನು ಚಾಲೂ ಮಾಡಿದರೆ ಸರಿಹೋಗುವುದು. ಇನ್ನು ಹಣ ಕೊಟ್ಟು ನೋಡುವ ಖಾಸಗಿ ಪೆಟ್ಟಿಗೆಗಳ ಎಚ್‌ಡಿಎಂಐ ಕಿಂಡಿಗೆ ಎಚ್‌ಡಿಸಿಪಿ ಎಂಬ ಬೀಗವಿರುತ್ತದೆ; ತೆರೆ ಬರಿದೇ ಕಪ್ಪಾದರೆ ಅದು ಉಪಕರಣದ ದೋಷವಾಗಿರಲಿಕ್ಕಿಲ್ಲ. ಹಳದಿ ಕಿಂಡಿ ಇದ್ದರೆ ಅದನ್ನೇ ಬಳಸಬಹುದು.

ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಹಳೆಯ ಟಿವಿ ಟ್ಯೂನರುಗಳನ್ನು ಮಾತ್ರ ಮುಟ್ಟಬೇಡಿರಿ. ಅವು ಮೀನೆಲುಬಿನಾಕಾರದ ಆಂಟೆನಾ ಹಿಡಿಯುತ್ತಿದ್ದ ಭೂಪ್ರಸಾರಕ್ಕೆ ಮಾಡಿದವು; ಪ್ರಸಾರ ಭಾರತಿಯು ಆ ಪ್ರೇಷಕಗಳಲ್ಲಿ ಬಹುಪಾಲನ್ನು 2022ರ ಹೊತ್ತಿಗೆ ನಿಲ್ಲಿಸಿಬಿಟ್ಟಿತು. ಫ್ರೀ ಡಿಶ್ ಬರುವುದು 2015ರ ನವೆಂಬರಿನಲ್ಲಿ ಹಾರಿಸಿದ ಜಿಸ್ಯಾಟ್-15 ಉಪಗ್ರಹದಿಂದ. ಅದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಂತಿದೆ. ಚಿಕ್ಕೋಡಿಯಿಂದ ನೋಡಿದರೆ ಅದು ಆಗ್ನೇಯಕ್ಕೆ, ಉತ್ತರದಿಂದ ಎಣಿಸಿದರೆ 130 ಡಿಗ್ರಿಯಷ್ಟು, ನೆಲದಿಂದ ಸುಮಾರು 61 ಡಿಗ್ರಿ ಎತ್ತರದಲ್ಲಿ ಇರುತ್ತದೆ. ಡಿಶ್ಶಿನ ರಚನೆಯಿಂದಾಗಿ ತಟ್ಟೆ ಅದಕ್ಕಿಂತ ನೆಟ್ಟಗೆ ನಿಂತಂತೆ ಕಾಣುವುದು ಸಹಜ. ಆ ದಿಕ್ಕಿನಲ್ಲಿ ಪಕ್ಕದ ಮನೆಯ ತೆಂಗಿನ ಗರಿಯೊಂದು ಅಡ್ಡ ಬಂದರೂ ಚಿತ್ರ ಚೂರುಚೂರಾದೀತು.

ಇಲ್ಲಿ ಗಂಭೀರವಾಗಿ ಒಂದು ಮಾತು ಹೇಳಬೇಕು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಆರಂಭವಾದ ಕಾಲದ ರೇಡಿಯೊಗಳಿಗೆ ಏರಿಯಲ್ ತಂತಿಯೊಡನೆ ಭೂಮಿಯ ತಂತಿಯೂ ಇರುತ್ತಿತ್ತು. ಗುಡುಗು ಕೇಳಿದೊಡನೆ ತಿಳಿದ ಹಿರಿಯರು ಏರಿಯಲ್ಲನ್ನು ಭೂಮಿಗೆ ಸೇರಿಸಿಬಿಡುತ್ತಿದ್ದರು. ಡಿಶ್ಶಿಗೂ ಆ ಎಚ್ಚರವೇ ಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮೋಡ ಕಟ್ಟುತ್ತಿದ್ದಂತೆ ಡಿಶ್ಶಿನ ತಂತಿಯನ್ನು ಪೆಟ್ಟಿಗೆಯಿಂದ ಬಿಚ್ಚಿರಿ, ಕ್ಯಾಪ್ಚರನ್ನು ಲ್ಯಾಪ್‌ಟಾಪಿನಿಂದ ಕಿತ್ತಿಡಿರಿ, ಚಾರ್ಜರನ್ನೂ ತೆಗೆಯಿರಿ. ಸಿಡಿಲು ತಲೆಯ ಮೇಲೆಯೇ ಆರ್ಭಟಿಸುತ್ತಿರುವಾಗ ಮಾತ್ರ ತಂತಿಗೆ ಕೈ ಹಾಕಬಾರದು, ಮೊದಲೇ ಮಾಡಬೇಕು. ಹಾಳಾಗುವುದು ಬರೀ ಒಂದು ಯಂತ್ರವಲ್ಲ, ಹುಡುಗನ ವರ್ಷದ ಓದೂ ಅದರಲ್ಲಿಯೇ ಇರುತ್ತದೆ.

ಲ್ಯಾಪ್‌ಟಾಪೇ ಸತ್ತು, ತೆರೆ ಮಾತ್ರ ಚೆನ್ನಾಗಿದ್ದರೆ? ದುರಸ್ತಿಯವರು ತೆರೆಯನ್ನು ಬಿಚ್ಚಿ, ಅದಕ್ಕೊಂದು ಟಿವಿ ಬೋರ್ಡು ಕೂಡಿಸಿ ಚಿಕ್ಕ ಟಿವಿಯನ್ನೇ ಮಾಡಿಕೊಡಬಲ್ಲರು. ಲ್ಯಾಪ್‌ಟಾಪಿನ ತೆರೆಗಳು ಸಾಮಾನ್ಯವಾಗಿ 3.3 ವೋಲ್ಟಿನವು, ಬೋರ್ಡನ್ನು 5 ಅಥವಾ 12ಕ್ಕೆ ಇಟ್ಟು ಚಾಲೂ ಮಾಡಿದರೆ ತೆರೆ ಸುಟ್ಟುಹೋದೀತು. ತೆರೆಯ ಬೆನ್ನ ಮೇಲಿನ ಸಂಖ್ಯೆಯನ್ನು ನೋಡಿ ಬೋರ್ಡು ಹೊಂದಿಸಿದ್ದಾರೆಯೇ ಎಂದು ಕೇಳಿಯೇ ಹಣ ಕೊಡಿರಿ.

ಅಂತರ್ಜಾಲದ ಅನುಕೂಲವಿದ್ದವರಿಗೆ ಈ ಯಾವ ತಂತಿಯೂ ಬೇಡ. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿ ತೆರೆದ ವೇವ್ಸ್ ಎಂಬಲ್ಲಿ ದೂರದರ್ಶನದ ವಾಹಿನಿಗಳು ದೊರೆಯುತ್ತವೆ. ಕರೆಂಟು ಹೋದಾಗ ಲ್ಯಾಪ್‌ಟಾಪು ತನ್ನ ಬ್ಯಾಟರಿಯ ಮೇಲೆ ನಡೆದರೂ ಡಿಶ್ ಪೆಟ್ಟಿಗೆ ನಿಂತುಬಿಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪೆಟ್ಟಿಗೆಯ ಕೆಳಗೆ ಅಂಟಿಸಿದ ಚೀಟಿಯಲ್ಲಿ 12 ವೋಲ್ಟು ಎಂದು ಬರೆದಿದ್ದರೆ, ಅಷ್ಟೇ ವೋಲ್ಟು ಕೊಡುವ ಚಿಕ್ಕ ಯುಪಿಎಸ್ಸೊಂದನ್ನು ಇಟ್ಟುಕೊಂಡರೆ ಸಂಜೆಯ ವಾರ್ತೆ ತಪ್ಪಲಾರದು.