ಬೆಳ್ಳಿ ರೂಪಾಯಿಯ ಮೇಲಿನ ಟಂಕಸಾಲೆಯ ಗುರುತು

ವೆರೂಳಿನ ಘೃಷ್ಣೇಶ್ವರನ ದರ್ಶನಕ್ಕೆ ಹೋಗುವ ಕನ್ನಡಿಗರಲ್ಲಿ ಅನೇಕರು ದಾರಿಯಲ್ಲಿ ಖುಲ್ತಾಬಾದನ್ನೂ ನೋಡಿರುತ್ತಾರೆ. 1707ರಲ್ಲಿ ಅಹಮದ್‌ನಗರದಲ್ಲಿ ಮಡಿದ ಔರಂಗಜೇಬನ ಸಮಾಧಿ ಇರುವುದು ಇಲ್ಲಿಯೇ. ಆತನ ಮರಣಾನಂತರದ ಬಿರುದಾದ ‘ಖುಲ್ದ್ ಮಕಾನ್’ ಎಂಬುದರಿಂದ ಊರಿಗೆ ಈ ಹೆಸರು ಬಂದಿತು. 1748ರಲ್ಲಿ ತೀರಿಕೊಂಡ ಮೊದಲನೆಯ ನಿಜಾಮ ಆಸಫ್ ಜಾಹನ ಸಮಾಧಿಯೂ ಇದೇ ಊರಿನಲ್ಲಿದೆ. ಮೊಗಲರ ಮತ್ತು ನಿಜಾಮರ ಬೆಳ್ಳಿ ರೂಪಾಯಿಗಳು ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಇಂದಿಗೂ ದೊರೆಯುವುದುಂಟು. ಅಕ್ಕಸಾಲಿಗನ ತಕ್ಕಡಿಗೆ ಅದು ಸುಮಾರು ಹನ್ನೊಂದೂವರೆ ಗ್ರಾಂ ಬೆಳ್ಳಿ, ಅಷ್ಟೆ. ಅದು ಯಾವ ಊರಿನಲ್ಲಿ ಅಚ್ಚಾಯಿತೆಂಬ ಸಂಗತಿ ಮೂಸೆಗೆ ಬಿದ್ದೊಡನೆ ಅಳಿದುಹೋಗುತ್ತದೆ.

ಈ ಪ್ರದೇಶದ ರೂಪಾಯಿಗಳಲ್ಲಿ ಹುಡುಕಬೇಕಾದುದು ಖುಲ್ತಾಬಾದಿನ ಹೆಸರನ್ನಲ್ಲ, ನೆರೆಯ ಔರಂಗಾಬಾದಿನ, ಎಂದರೆ ಇಂದಿನ ಛತ್ರಪತಿ ಸಂಭಾಜಿನಗರದ ಹೆಸರನ್ನು. ಪಾರಸಿ ಲಿಪಿಯಲ್ಲಿ ‘ಜರ್ಬ್’ ಎಂಬ ಪದದ ಜೊತೆಗೆ ಟಂಕಸಾಲೆಯ ಹೆಸರಿರುತ್ತದೆ. ಔರಂಗಜೇಬನ ಮೊದಲಿನ ನಾಣ್ಯಗಳಲ್ಲಿ ‘ಔರಂಗಾಬಾದ್’ ಎಂದೇ ಇದ್ದು, ಕಡೆಯ ವರ್ಷಗಳಲ್ಲಿ ‘ಖುಜಿಸ್ತಾ ಬುನಿಯಾದ್’, ಶುಭವಾದ ಬುನಾದಿಯ ನಗರ, ಎಂಬ ಬಿರುದು ಕಾಣಿಸಿಕೊಳ್ಳುತ್ತದೆ. ತೊಡಕು ಇಲ್ಲಿಯೇ. ಹೈದರಾಬಾದಿಗೂ ಮುಂದೆ ‘ಫರ್ಖುಂದಾ ಬುನಿಯಾದ್’ ಎಂಬ ಬಿರುದು ಬಂದಿತು. ಅರ್ಥವೂ ಹೆಚ್ಚು ಕಡಿಮೆ ಅದೇ. ಆಗಿನ ಅಚ್ಚು ನಾಣ್ಯದ ಬಿಲ್ಲೆಗಿಂತ ದೊಡ್ಡದಾಗಿರುತ್ತಿತ್ತು. ಆದುದರಿಂದ ಬರಹದ ಒಂದು ಭಾಗ ಅಂಚಿನಾಚೆಗೆ ಉಳಿದು, ಅನೇಕ ವೇಳೆ ‘ಬುನಿಯಾದ್’ ಎಂಬುದಷ್ಟೇ ಸ್ಪಷ್ಟವಾಗಿ ಓದಲು ಸಿಗುತ್ತದೆ.

ಹಾಗಾದಾಗ ಮೊದಲು ದೊರೆಯ ಹೆಸರನ್ನು ನೋಡಬೇಕು. ಔರಂಗಜೇಬನ ನಾಣ್ಯಗಳಲ್ಲಿ ಹೈದರಾಬಾದಿಗೆ ಇದ್ದ ಬಿರುದು ‘ದಾರುಲ್ ಜಿಹಾದ್’. ‘ಫರ್ಖುಂದಾ ಬುನಿಯಾದ್’ ಆತನ ತರುವಾಯದ್ದು. ಆತನ ಹೆಸರಿನೊಡನೆ ‘ಬುನಿಯಾದ್’ ಇದ್ದರೆ ಅದು ಔರಂಗಾಬಾದಿನದೇ ಸರಿ. ಅನಂತರದ ದೊರೆಗಳ ನಾಣ್ಯವಾದರೆ ಅಕ್ಷರಗಳ ಜೋಡಣೆಯನ್ನು ಗಮನಿಸಬೇಕು. ಪಾರಸಿ ಬಾರದವರಿಗೂ ಇದು ಸಾಧ್ಯ. ‘ಖುಜಿಸ್ತಾ’ ಪದದ ಅಕ್ಷರಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಒಂದೇ ಎಳೆಯಾಗಿ ಸಾಗುತ್ತವೆ. ‘ಫರ್ಖುಂದಾ’ದಲ್ಲಿ ‘ರೇ’ ಮತ್ತು ‘ದಾಲ್’ ಅಕ್ಷರಗಳು ಮುಂದಿನದರೊಡನೆ ಕೂಡವಾದ್ದರಿಂದ ಪದವು ಮೂರು ತುಂಡಾಗಿರುತ್ತದೆ. ಅರ್ಧ ಪದ ಉಳಿದಿದ್ದರೂ ಈ ಭೇದ ತಿಳಿದೀತು. ಚುಕ್ಕೆಗಳನ್ನು ನಂಬಿ ಕೂರುವುದಕ್ಕಿಂತ ಇದು ಮೇಲು, ಏಕೆಂದರೆ ಸವೆದ ಬೆಳ್ಳಿಯಲ್ಲಿ ಮೊದಲು ಮಾಯವಾಗುವುವು ಚುಕ್ಕೆಗಳೇ.

ಇಂಥದೇ ಇನ್ನೊಂದು ಜೋಡಿ ಬೀದರಿನವರಿಗೆ ಸ್ವಾರಸ್ಯಕರವಾದೀತು. ಔರಂಗಜೇಬನ ಕಾಲದಲ್ಲಿ ಬೀದರಿಗೆ ‘ಜಫರಾಬಾದ್’ ಎಂಬ ಹೆಸರಿತ್ತು. ನಾಸಿಕ ಜಿಲ್ಲೆಯ ಚಾಂದವಡದ ಮರಾಠಾ ರೂಪಾಯಿಗಳ ಮೇಲಿರುವುದು ‘ಜಾಫರಾಬಾದ್’. ಕನ್ನಡದಲ್ಲಿ ದೀರ್ಘವೊಂದರ ವ್ಯತ್ಯಾಸವಾದರೂ ಪಾರಸಿಯಲ್ಲಿ ಮೊದಲಕ್ಷರವೇ ಬೇರೆ. ಮರಾಠಾ ಟಂಕಸಾಲೆಗಳು ಹೆಸರಿನ ಜೊತೆಗೆ ಚಿಹ್ನೆಗಳನ್ನೂ ಇಟ್ಟವು: ಪುಣೆಯ ಅಂಕುಶಿ ರೂಪಾಯಿಗೆ ಅಂಕುಶ, ನಾಸಿಕದ್ದಕ್ಕೆ ಜರಿಪಟಕೆಯ ಧ್ವಜ.

ಚಿಹ್ನೆಯೆಂದು ಕಂಡುದೆಲ್ಲ ಟಂಕಸಾಲೆಯದಲ್ಲ. ಹೂವು, ನಕ್ಷತ್ರ, ಬಿಂದುಗಳಂಥ ಕುಳಿಗಳನ್ನು ಸರಾಫರು ಬೆಳ್ಳಿಯ ಸಾಚಾತನವನ್ನು ಪರೀಕ್ಷಿಸಿ ಒತ್ತುತ್ತಿದ್ದರು. ಉಗುರಿನ ತುದಿಯಿಂದ ಸವರಿ ನೋಡಿದರೆ ಸಾಕು: ಅಚ್ಚಿನ ಗುರುತು ಉಬ್ಬಿರುತ್ತದೆ, ಸರಾಫನ ಮುದ್ರೆ ತಗ್ಗಿರುತ್ತದೆ. ಅಪರೂಪದ ಗುರುತೆಂದು ಹೆಚ್ಚು ಬೆಲೆ ಕೇಳುವ ವ್ಯಾಪಾರಿಯ ಮುಂದೆ ಈ ಪರೀಕ್ಷೆ ಒಳ್ಳೆಯದು.

ಯಂತ್ರದಲ್ಲಿ ಅಚ್ಚಾದ ಹೈದರಾಬಾದಿನ ಚಾರ್‌ಮಿನಾರ್ ರೂಪಾಯಿಗಳಲ್ಲಿ ದೃಷ್ಟಿ ಬಾಗಿಲಿಗೆ ಹೋಗಬೇಕು. ಅಲ್ಲಿ ‘ಮೀಮ್’ ಅಕ್ಷರವಿದ್ದರೆ ಮಹಬೂಬ್ ಅಲಿ ಖಾನನದು, ‘ಐನ್’ ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನನದು. ಉಸ್ಮಾನನ ಆರಂಭದ ನಾಣ್ಯಗಳಲ್ಲಿ ಈ ‘ಐನ್’ ಮೊಟಕಾಗಿದ್ದು, ಬಳಿಕ ಪೂರ್ಣವಾಯಿತು. ಸಂಗ್ರಾಹಕರು ಇವೆರಡನ್ನೂ ಬೇರೆ ಬೇರೆ ಎಣಿಸುತ್ತಾರೆ.

ಹುಣಿಸೆಹಣ್ಣಿನಿಂದ, ಬೂದಿಯಿಂದ ಉಜ್ಜಿ ಹೊಳಪಿಸಿದ ನಾಣ್ಯದಲ್ಲಿ ಇಷ್ಟು ಸೂಕ್ಷ್ಮವಾದ ಗೆರೆಗಳು ಉಳಿಯುವುದು ಕಷ್ಟ. ಕಪ್ಪಾಗಿದ್ದರೂ ಹಾಗೆಯೇ ಬಿಟ್ಟು, ಓರೆಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಬೇಕು. ಹೊಲದಲ್ಲಿಯೋ ಗೋಡೆಯಲ್ಲಿಯೋ ಸಿಕ್ಕ ನಿಧಿಯಾದರೆ 1878ರ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯಗಳನ್ನು ಪರದೇಶದಲ್ಲಿರುವ ಮಕ್ಕಳಿಗೆ ಕಳುಹಿಸುವ ಆಸೆಗೆ 1972ರ ಪ್ರಾಚ್ಯವಸ್ತುಗಳ ಕಾಯಿದೆ ಅಡ್ಡಬರುತ್ತದೆ.