ಎಪ್ಪತ್ತರ ವೇಗದಲ್ಲಿ ನಡುಗುವ ಸ್ಟೇರಿಂಗ್

ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್ ಮಾರುಕಟ್ಟೆಯಲ್ಲಿ ಈರುಳ್ಳಿ ತುಂಬಿಕೊಂಡ ಲಾರಿ ಬೆಂಗಳೂರಿನ ಯಶವಂತಪುರ ಮುಟ್ಟಬೇಕಾದರೆ ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಬೇಕು. ಸಿನ್ನರ್, ಸಂಗಮನೇರ್, ಪುಣೆ, ಸಾತಾರಾ, ಕೊಲ್ಹಾಪುರ ದಾಟಿ ನಿಪ್ಪಾಣಿಗೆ ಬರುವಷ್ಟರಲ್ಲೇ ಅದರ ಮುಂದಿನ ಚಕ್ರಗಳು ಒಂದೂವರೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿರುತ್ತವೆ. ಛತ್ರಪತಿ ಸಂಭಾಜಿನಗರದ ಕಡೆಯಿಂದ ಕರ್ನಾಟಕಕ್ಕೆ ಬರುವ ಲಾರಿಗಳಿಗೆ ಇನ್ನೊಂದು ದಾರಿಯಿದೆ. ರಾಷ್ಟ್ರೀಯ ಹೆದ್ದಾರಿ 52 ಆ ಊರನ್ನು ಹಾದು ಬೀಡ್, ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ ಮೂಲಕ ಅಂಕೋಲೆಯ ಕಡಲಂಚಿಗೆ ಬಂದು ಮುಗಿಯುತ್ತದೆ. ಎರಡೂ ದಾರಿಗಳ ಗ್ಯಾರೇಜುಗಳಲ್ಲಿ ಮಿಸ್ತ್ರಿಗಳ ಕಿವಿಗೆ ಬೀಳುವ ದೂರು ಮಾತ್ರ ಒಂದೇ: “ಅರವತ್ತು ದಾಟಿದ್ರ ಸ್ಟೇರಿಂಗ್ ಥರಥರ ಅಂತದ, ಎಂಬತ್ತಕ್ಕ ಹೋದ್ರ ನಿಂತ ಬಿಡ್ತದ ನೋಡ್ರಿ.”

ಈ ದೂರಿಗೆ ಸಿದ್ಧ ಉತ್ತರವೊಂದಿದೆ: ವ್ಹೀಲ್ ಬ್ಯಾಲೆನ್ಸಿಂಗ್ ಮಾಡಿಸಿ. ಮಾಡಿಸಿದರೆ ನಡುಕ ಕಡಿಮೆಯಾಗುವುದೂ ನಿಜ. ಆದರೆ ಕೆಲವೇ ವಾರಗಳಲ್ಲಿ ಅದು ಮರಳಿ ಬಂದರೆ, ಮೊದಲ ಬಾರಿ ದುರಸ್ತಿಯಾಗಿದ್ದು ಅರ್ಧ ತೊಂದರೆ ಮಾತ್ರ ಎಂದು ತಿಳಿಯಬೇಕು. ಚಕ್ರ ನಡುಗುವುದಕ್ಕೆ ತಳ್ಳುವ ಬಲವೊಂದು ಬೇಕು. ಆ ಬಲಕ್ಕೆ ಎಡೆ ಕೊಡುವ ಸಡಿಲವೂ ಬೇಕು. ಬ್ಯಾಲೆನ್ಸಿಂಗ್ ಯಂತ್ರ ನೋಡುವುದು ಮೊದಲನೆಯದನ್ನಷ್ಟೇ.

ತಳ್ಳುವ ಬಲದ ಲೆಕ್ಕ ಸುಲಭ. ಭಾರೀ ಲಾರಿಯ ಸಾಮಾನ್ಯ ಟೈರು ಒಂದು ಸುತ್ತಿಗೆ ಸುಮಾರು 3.2 ಮೀಟರ್ ಕ್ರಮಿಸುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 7 ಸುತ್ತು ತಿರುಗುತ್ತಿರುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದು ಕಡೆ 100 ಗ್ರಾಂ ತೂಕ ಹೆಚ್ಚಿದ್ದರೆ, ಆ ವೇಗದಲ್ಲಿ ಅದು ಸುಮಾರು 6 ಕಿಲೋ ತೂಕದಷ್ಟು ಬಲದಿಂದ ಚಕ್ರವನ್ನು ಎಳೆಯುತ್ತದೆ, ಅದೂ ಸೆಕೆಂಡಿಗೆ 7 ಬಾರಿ ದಿಕ್ಕು ಬದಲಿಸುತ್ತ. ವೇಗ 40ಕ್ಕೆ ಇಳಿದರೆ ಬಲ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಏಕೆಂದರೆ ಅದು ವೇಗದ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. 100 ಗ್ರಾಂ ಹೆಚ್ಚಲು ಸೀಸದ ತೂಕ ಉದುರಲೇಬೇಕೆಂದೇನೂ ಇಲ್ಲ. ಮಳೆಗಾಲದಲ್ಲಿ ಹೊಲದ ಕರಿಮಣ್ಣು ರಿಮ್ಮಿನ ಒಳಬದಿಗೆ ಮೆತ್ತಿ ಒಣಗಿದರೂ ಸಾಕು.

ಈಗ ಕುತೂಹಲದ ಪ್ರಶ್ನೆ. ವೇಗ ಹೆಚ್ಚಿದಷ್ಟೂ ಬಲ ಹೆಚ್ಚುವುದಾದರೆ, 70ರಲ್ಲಿ ನಡುಗಿದ ಸ್ಟೇರಿಂಗ್ 80ರಲ್ಲಿ ಇನ್ನಷ್ಟು ನಡುಗಬೇಕಿತ್ತಲ್ಲ, ನಿಲ್ಲುವುದೇಕೆ?

ಉತ್ತರ ಅನುರಣನೆಯಲ್ಲಿದೆ. ಜೋಕಾಲಿಯನ್ನು ಅದರದೇ ಲಯಕ್ಕೆ ಸರಿಯಾಗಿ ತಳ್ಳಿದರೆ ಮಾತ್ರ ಅದು ಮೇಲೇರುತ್ತದೆ. ಲಯ ತಪ್ಪಿಸಿ ಎಷ್ಟು ಜೋರಾಗಿ ತಳ್ಳಿದರೂ ಏರುವುದಿಲ್ಲ. ಮುಂದಿನ ಚಕ್ರ, ಆಕ್ಸಲ್, ಸ್ಟೇರಿಂಗ್ ರಾಡುಗಳು ಸೇರಿದ ವ್ಯವಸ್ಥೆಗೂ ತನ್ನದೇ ಸಹಜ ಕಂಪನಾಂಕವಿದೆ. ಚಕ್ರದ ಸುತ್ತು ಆ ಕಂಪನಾಂಕಕ್ಕೆ ಹೊಂದಿದ ವೇಗದಲ್ಲಿ ನಡುಕ ತಾರಕಕ್ಕೇರುತ್ತದೆ, ಆಚೆ ದಾಟಿದರೆ ಇಳಿಯುತ್ತದೆ. ಕಂಪನಾಂಕವನ್ನು ನಿರ್ಧರಿಸುವ ಎರಡು ಅಂಶಗಳೆಂದರೆ ತೂಕ ಮತ್ತು ಬಿಗಿ. ತೂಕ ಬದಲಾಗುವುದಿಲ್ಲ. ಜಾಯಿಂಟುಗಳು ಸವೆದಾಗ ಬಿಗಿ ಕುಸಿಯುತ್ತದೆ. ಬಿಗಿ ಅರ್ಧಕ್ಕಿಳಿದರೆ ಕಂಪನಾಂಕ ಶೇ 30ರಷ್ಟು ತಗ್ಗುತ್ತದೆ ಎನ್ನುತ್ತದೆ ಗಣಿತ. ಹೊಸದಾಗಿದ್ದಾಗ 100 ಕಿ.ಮೀ. ವೇಗದಲ್ಲಿ ನಡುಗಬಹುದಾಗಿದ್ದ ಲಾರಿ ಆ ವೇಗಕ್ಕೆ ಹೋಗುವುದೇ ಇಲ್ಲವಾದ್ದರಿಂದ ಅದರ ದೋಷ ಯಾರಿಗೂ ತಿಳಿದಿರುವುದಿಲ್ಲ. ಸವೆತದಿಂದ ಬಿಗಿ ಅರ್ಧವಾಯಿತೆಂದರೆ ಅದೇ ನಡುಕ 70ಕ್ಕೆ ಇಳಿದುಬರುತ್ತದೆ, ಅಂದರೆ ಡ್ರೈವರ್ ದಿನವಿಡೀ ಓಡಿಸುವ ವೇಗಕ್ಕೆ! ಅಸಮತೋಲ ಮೊದಲಿನಷ್ಟೇ ಇರುತ್ತದೆ. ಅದನ್ನು ಹಿಗ್ಗಿಸುವ ವೇಗ ಮಾತ್ರ ಕೆಳಗಿಳಿದಿರುತ್ತದೆ.

ಗುಂಡಿ ಬಿದ್ದ ರಸ್ತೆಯಲ್ಲಿ ಇದು ಗೊತ್ತಾಗುವುದೇ ಇಲ್ಲ, ಎಲ್ಲವೂ ಕುಲುಕಾಟವೇ. ನಾಸಿಕ್ ಮತ್ತು ಸಂಭಾಜಿನಗರ ಜಿಲ್ಲೆಗಳೆರಡನ್ನೂ ಹಾದುಹೋಗುವ 701 ಕಿ.ಮೀ. ಉದ್ದದ ಸಮೃದ್ಧಿ ಮಹಾಮಾರ್ಗದಂಥ ನುಣುಪು ರಸ್ತೆಯಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. 2022ರ ಡಿಸೆಂಬರಿನಲ್ಲಿ ನಾಗಪುರ–ಶಿರಡಿ ಭಾಗ ತೆರೆದು, 2025ರ ಜೂನಿನಲ್ಲಿ ಇಗತ್‌ಪುರಿಯಿಂದ ಮುಂಬೈ ಕಡೆಗಿನ ಕೊನೆಯ ಭಾಗವೂ ಸೇರಿ ಪೂರ್ಣವಾದ ಈ ರಸ್ತೆ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಲು ಬಿಡುತ್ತದೆ. ಒಂದೇ ವೇಗವೆಂದರೆ ಒಂದೇ ಕಂಪನಾಂಕ. ಅದು ಕೆಟ್ಟ ಕಂಪನಾಂಕವಾಗಿದ್ದರೆ ಜಾಯಿಂಟುಗಳಿಗೆ ಗಂಟೆಗಟ್ಟಲೆ ಪೆಟ್ಟು.

ಸಡಿಲ ಎಲ್ಲೆಲ್ಲಿ ಹುಟ್ಟುತ್ತದೆ ಎಂದು ತಿಳಿಯಲು ಸ್ಟೇರಿಂಗಿನಿಂದ ಚಕ್ರದವರೆಗೆ ಒಮ್ಮೆ ಇಳಿದು ನೋಡಬೇಕು. ಡ್ರೈವರನ ಕೈಯ ತಿರುವು ಕಾಲಂ ಮೂಲಕ ಸ್ಟೇರಿಂಗ್ ಬಾಕ್ಸಿಗೆ ಹೋಗುತ್ತದೆ. ಬಾಕ್ಸಿನ ಡ್ರಾಪ್ ಆರ್ಮ್ ಹಿಂದೆ ಮುಂದೆ ಆಡಿ ಡ್ರ್ಯಾಗ್ ಲಿಂಕನ್ನು ಎಳೆಯುತ್ತದೆ, ಅದು ಒಂದು ಬದಿಯ ಚಕ್ರವನ್ನು ತಿರುಗಿಸುತ್ತದೆ, ಅಡ್ಡಲಾಗಿರುವ ಟೈ ರಾಡ್ ಇನ್ನೊಂದು ಬದಿಯ ಚಕ್ರವನ್ನು ಜೊತೆಗೆ ಎಳೆದೊಯ್ಯುತ್ತದೆ. ರಾಡುಗಳ ತುದಿಗಳಲ್ಲಿ ಬಾಲ್ ಜಾಯಿಂಟುಗಳಿವೆ. ಚಕ್ರ ತಿರುಗುವ ಕೀಲು ಕಿಂಗ್‌ಪಿನ್. ಅದು ಮೇಲ್ಮೈ ಮಾತ್ರ ಗಡುಸುಗೊಳಿಸಿದ ಉಕ್ಕಿನದು. ಅದರ ಸುತ್ತಲ ಬುಷ್ ಮೆತ್ತಗಿನದು. ಸವೆಯಬೇಕಾದದ್ದು ಬುಷ್, ಪಿನ್ ಅಲ್ಲ ಎಂಬುದು ವಿನ್ಯಾಸದ ಲೆಕ್ಕಾಚಾರ. ಬಾಲ್ ಜಾಯಿಂಟಿನ ರಬ್ಬರ್ ಟೊಪ್ಪಿಗೆ ಹರಿದು ನೀರು, ಧೂಳು ಒಳಗೆ ಹೋಗಿ ಗ್ರೀಸು ಕೆಟ್ಟರೆ ಮುಗಿಯಿತು. ನಯವಾಗಿಸಬೇಕಾದ ಗ್ರೀಸೇ ತೇಯುವ ಪುಡಿಯಾಗುತ್ತದೆ. ಪ್ರತಿ ಜಾಯಿಂಟಿನಲ್ಲಿ ಕೂದಲೆಳೆಯಷ್ಟೇ ಆಟವಿದ್ದರೂ ಐದಾರು ಜಾಯಿಂಟುಗಳದು ಕೂಡಿದಾಗ ಚಕ್ರ ಸ್ವತಂತ್ರವಾಗಿ ಅಲ್ಲಾಡಲು ಸಾಕಷ್ಟು ಜಾಗ ಸಿಗುತ್ತದೆ.

ಗುಂಡಿಗೆ ಬಿದ್ದೆದ್ದ ಕೂಡಲೇ ಎರಡೂ ಮುಂಗಾಲಿಗಳು ಎಡಬಲಕ್ಕೆ ಹುಚ್ಚೆದ್ದು ಕುಣಿಯುವುದು ಈವರೆಗೆ ಹೇಳಿದ ನಡುಕಕ್ಕಿಂತ ಭಯಂಕರ. ಎಂಜಿನಿಯರುಗಳು ಇದನ್ನು ‘ಶಿಮ್ಮಿ’ ಎನ್ನುತ್ತಾರೆ. ಫ್ರಾನ್ಸಿನ ಜಾರ್ಜ್ ಬ್ರೂಲಿಯೆ 1925ರಲ್ಲೇ ಇದರ ಬಗ್ಗೆ ಬರೆದ. ದಪ್ಪ ಬಲೂನ್ ಟೈರುಗಳು ಆಗಷ್ಟೇ ಬಂದಿದ್ದ ಕಾಲವದು. ಎರಡು ಚಕ್ರಗಳಿಗೂ ಒಂದೇ ಗಟ್ಟಿ ಆಕ್ಸಲ್ ಇದ್ದಾಗ ಒಂದು ಚಕ್ರ ಮೇಲೆದ್ದರೆ ಆಕ್ಸಲ್ ವಾಲುತ್ತದೆ. ತಿರುಗುತ್ತಿರುವ ಚಕ್ರವನ್ನು ವಾಲಿಸಿದರೆ ಗೈರೋಸ್ಕೋಪಿನ ಗುಣದಿಂದಾಗಿ ಅದು ಪಕ್ಕಕ್ಕೆ ತಿರುಗಲು ನೋಡುತ್ತದೆ. ತಿರುಗಿದರೆ ಮತ್ತೆ ವಾಲುತ್ತದೆ. ಹೀಗೆ ಒಂದು ಚಲನೆ ಇನ್ನೊಂದಕ್ಕೆ ಮೇವಾಗುತ್ತ ಹೋಗುತ್ತದೆ, ಅದಕ್ಕೆ ಬೇಕಾದ ಶಕ್ತಿಯನ್ನು ವಾಹನದ ಓಟವೇ ಒದಗಿಸುತ್ತದೆ. ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಮಾರಿಸ್ ಓಲಿ ಮತ್ತು ಸಂಗಡಿಗರು ದುಡಿದು 1934ರ ಕಾರುಗಳಿಗೆ ಪ್ರತಿ ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ ತಂದದ್ದಕ್ಕೆ ಈ ಕಾಟವೂ ಒಂದು ಕಾರಣ. ನಾಸಿಕ್‌ನ ಮಹೀಂದ್ರಾ ಕಾರ್ಖಾನೆಯಿಂದ ಬರುವ ಸ್ಕಾರ್ಪಿಯೋದ ಮುಂಭಾಗ ಅದೇ ಜಾತಿಯದು. ಅದಕ್ಕೂ ಹಿಂದಿನ ಹಳೆಯ ಮಹೀಂದ್ರಾ ಜೀಪುಗಳದು ಗಟ್ಟಿ ಆಕ್ಸಲ್. ಅವುಗಳ ಮಾಲೀಕರಿಗೆ ಈ ಕುಣಿತವನ್ನು ವಿವರಿಸಬೇಕಾಗಿಲ್ಲ. ಭಾರ ಹೊರುವ ಲಾರಿಗಳಲ್ಲಿ ಗಟ್ಟಿ ಆಕ್ಸಲ್ ಇಂದಿಗೂ ಉಳಿದಿದೆ, ಹಾಗಾಗಿ ಶಿಮ್ಮಿಯೂ ಉಳಿದಿದೆ.

ಪತ್ತೆ ಹಚ್ಚುವ ಕೆಲಸ ಸ್ಪ್ಯಾನರಿನಿಂದ ಶುರುವಾಗುವುದಿಲ್ಲ, ಪ್ರಶ್ನೆಯಿಂದ ಶುರುವಾಗುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗುತ್ತದೆಯೇ? ಹಾಗಾದರೆ ಬ್ರೇಕ್ ಡ್ರಮ್ಮಿನ ದುಂಡುತನ ಕೆಟ್ಟಿರಬಹುದು. ಕಸಾರಾ ಘಾಟಿನಂಥ ಇಳಿಜಾರಿನಲ್ಲಿ ಕಾದು ಕೆಂಡವಾದ ಡ್ರಮ್ಮುಗಳಿಗೆ ಇದು ಹೊಸದಲ್ಲ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಕ್ಲಚ್ ಒತ್ತಿ ಎಂಜಿನ್ ವೇಗ ಇಳಿಸಿದರೆ ನಡುಕ ನಿಲ್ಲುತ್ತದೆಯೇ? ನಿಂತರೆ ತಪ್ಪು ಚಕ್ರದ್ದಲ್ಲ. ನಡುಕ ಸ್ಟೇರಿಂಗಿನಲ್ಲೋ, ಸೀಟಿನ ಅಡಿಯಲ್ಲೋ? ಪ್ರೊಪೆಲ್ಲರ್ ಶಾಫ್ಟ್ ಚಕ್ರಕ್ಕಿಂತ ಐದಾರು ಪಟ್ಟು ವೇಗವಾಗಿ ತಿರುಗುವುದರಿಂದ ಅದರ ದೋಷ ಸೆಕೆಂಡಿಗೆ 35–40 ಕಂಪನಗಳ ಗುಂಯ್‌ಗುಡುವಿಕೆಯಾಗಿ ಕಾಲಡಿಯಲ್ಲಿ ತಿಳಿಯುತ್ತದೆ. ಎಣಿಸಬಹುದೇನೋ ಎನ್ನುವಷ್ಟು ನಿಧಾನವಾಗಿ ಸ್ಟೇರಿಂಗ್ ಅತ್ತಿತ್ತ ಹೊಯ್ದಾಡಿದರೆ ಅದು ಮುಂಗಾಲಿಯದೇ.

ಆಮೇಲೆ ಕೆಳಗಿಳಿಯಬೇಕು. ಲಾರಿ ತನ್ನ ತೂಕದಲ್ಲೇ ನೆಲದ ಮೇಲೆ ನಿಂತಿರಲಿ, ಚಕ್ರಕ್ಕೆ ಅಡ್ಡಗಲ್ಲು ಇರಲಿ. ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇಟ್ಟು ಒಬ್ಬರು ಸ್ಟೇರಿಂಗನ್ನು ಎಡಬಲಕ್ಕೆ ಸ್ವಲ್ಪ ಸ್ವಲ್ಪವೇ ಆಡಿಸಬೇಕು, ಇನ್ನೊಬ್ಬರು ಲಾರಿಯ ಅಡಿಯ ಗ್ಯಾರೇಜ್ ಗುಂಡಿಯಲ್ಲಿ ನಿಂತು ಒಂದೊಂದೇ ಜಾಯಿಂಟನ್ನು ನೋಡುತ್ತ ಹೋಗಬೇಕು. ಒಂದು ತುಂಡು ಆಡಿದರೂ ಪಕ್ಕದ ತುಂಡು ತಡವಾಗಿ ಹೊರಟರೆ ಸಡಿಲ ಅವೆರಡರ ನಡುವೆ ಇದೆ. ಲಾರಿಯನ್ನು ಜಾಕ್ ಮೇಲೆ ಎತ್ತಿ ಇದೇ ಪರೀಕ್ಷೆ ಮಾಡಿದರೆ ಹಲವು ದೋಷಗಳು ಕಾಣುವುದಿಲ್ಲ. ಭಾರವಿಲ್ಲದ ಚಕ್ರ ಸಲೀಸಾಗಿ ತಿರುಗಿಬಿಡುತ್ತದೆ. ಬಾಲ್ ಜಾಯಿಂಟನ್ನು ಕೈಯಿಂದಷ್ಟೇ ಅಲುಗಾಡಿಸಬೇಕು ಎಂಬ ನಿಯಮವೂ ಇದೆ. ಪೈಪ್ ರೆಂಚ್ ಹಾಕಿ ಒತ್ತಿದರೆ ಒಳಗಿನ ಸ್ಪ್ರಿಂಗ್ ಅದುಮಿ ಹೊಸ ಜಾಯಿಂಟೂ ಹಾಳಾದಂತೆ ತೋರುತ್ತದೆ, ಗಿರಾಕಿಯ ಜೇಬು ಹಗುರಾಗುತ್ತದೆ.

ಜಾಕಿನ ಸರದಿ ಬರುವುದು ಕಿಂಗ್‌ಪಿನ್ ನೋಡಲು. ಆಕ್ಸಲ್ ಎತ್ತಿ, ಸ್ಟ್ಯಾಂಡ್ ಕೊಟ್ಟು, ಟೈರಿನ ಮೇಲ್ತುದಿ ಕೆಳತುದಿ ಹಿಡಿದು ಒಳಹೊರಗೆ ಅಲುಗಾಡಿಸಿದಾಗ ಆಟ ಕಂಡರೆ ಅದು ಹಬ್ ಬೇರಿಂಗಿನದೂ ಆಗಿರಬಹುದು, ಕಿಂಗ್‌ಪಿನ್ನಿನದೂ ಆಗಿರಬಹುದು. ಬಿಡಿಸಿ ಹೇಳಲು ಒಂದು ಸೊಗಸಾದ ಉಪಾಯವಿದೆ: ಯಾರಾದರೂ ಬ್ರೇಕ್ ಒತ್ತಿ ಹಿಡಿಯಲಿ. ಬ್ರೇಕ್ ಹಿಡಿದಾಗ ಡ್ರಮ್ಮು ಮತ್ತು ಸ್ಟಬ್ ಆಕ್ಸಲ್ ಒಂದಾಗಿ ಬೇರಿಂಗಿನ ಆಟ ಮಾಯವಾಗುತ್ತದೆ. ಆಗಲೂ ಚಕ್ರ ಅಲುಗಾಡಿದರೆ ಕಿಂಗ್‌ಪಿನ್ ಬುಷ್ ಹೋಗಿದೆ ಎಂದೇ ಅರ್ಥ. ಯಾವ ದುಬಾರಿ ಯಂತ್ರವೂ ಬೇಡದ ಇಂಥ ಪರೀಕ್ಷೆಗಳು ಗ್ಯಾರೇಜಿನ ಜಾಣತನದ ಅತ್ಯುತ್ತಮ ಮಾದರಿಗಳು.

ಟೈರೂ ಸಾಕ್ಷಿ ಹೇಳುತ್ತದೆ. ಟ್ರೆಡ್ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿದಾಗ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತಿದ್ದರೆ ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಓರೆಯಾಗಿರುವ ಅಳತೆ, ತಪ್ಪಿದೆ. ಚಕ್ರ 1 ಡಿಗ್ರಿ ಓರೆಯಾಗಿದ್ದರೂ ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರ್ ಪಕ್ಕಕ್ಕೆ ಉಜ್ಜುತ್ತದೆ. ಲಾಸಲ್‌ಗಾಂವ್‌ನಿಂದ ಬೆಂಗಳೂರಿಗೆ ಅದು 17 ಕಿಲೋಮೀಟರಿಗೂ ಮಿಗಿಲು. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್, ಬೇರಿಂಗ್, ಸಮತೋಲ ಈ ಮೂರರಲ್ಲಿ ಒಂದು ಕೈಕೊಟ್ಟಿದೆ.

ಇಲ್ಲೊಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಲೇಬೇಕು. ಸ್ಟೇರಿಂಗಿನಲ್ಲಿ ಆಟ ಹೆಚ್ಚಿದೆ ಎಂದರೆ ಸ್ಟೇರಿಂಗ್ ಬಾಕ್ಸಿನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡಿ ಕಳಿಸುವುದು. ಲಾರಿ ಬಹುಪಾಲು ನೇರವಾಗಿ ಓಡುವುದರಿಂದ ಬಾಕ್ಸಿನ ಹಲ್ಲುಗಳು ಹೆಚ್ಚು ಸವೆಯುವುದು ನಡುಭಾಗದಲ್ಲಿ. ಆ ನಡುಭಾಗಕ್ಕೆ ತಕ್ಕಂತೆ ಬಿಗಿ ಮಾಡಿದರೆ ಸವೆಯದ ಅಂಚುಗಳಲ್ಲಿ ಹಲ್ಲು ಕಚ್ಚುತ್ತದೆ, ತಿರುವಿನಲ್ಲಿ ಸ್ಟೇರಿಂಗ್ ತಾನಾಗಿ ಮರಳಿ ಬರುವುದಿಲ್ಲ. ಸವೆದದ್ದು ಡ್ರ್ಯಾಗ್ ಲಿಂಕಿನ ಬಾಲ್ ಜಾಯಿಂಟ್, ಶಿಕ್ಷೆ ಬಾಕ್ಸಿಗೆ!

ಕಾನೂನು ಏನನ್ನುತ್ತದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದ ಪ್ರಕಾರ ಸ್ಟೇರಿಂಗ್ ಚಕ್ರದ ಆಟ 30 ಡಿಗ್ರಿ ಮೀರಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೊಪ್ಪಿಗೆ ಇರಬೇಕು. 45 ಸೆಂಟಿಮೀಟರ್ ಅಗಲದ ಸ್ಟೇರಿಂಗಿನ ಅಂಚಿನಲ್ಲಿ 30 ಡಿಗ್ರಿ ಎಂದರೆ ಸುಮಾರು 12 ಸೆಂಟಿಮೀಟರ್. ಇದು ಬಹಳ ಉದಾರ ಮಿತಿ. ಅಷ್ಟು ಆಟ ಬರುವವರೆಗೆ ಕಾಯುವ ಡ್ರೈವರ್ ಅದೃಷ್ಟದ ಮೇಲೆ ಗಾಡಿ ಓಡಿಸುತ್ತಿದ್ದಾನೆ. ಎಂಟು ವರ್ಷ ಮೀರಿದ ಲಾರಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪತ್ರ ಬೇಕು. ಕೇಂದ್ರ ಸಾರಿಗೆ ಸಚಿವಾಲಯದ ಯೋಜನೆಯಲ್ಲಿ ನಾಸಿಕ್‌ನಲ್ಲೂ ಬೆಂಗಳೂರು ಬಳಿಯ ನೆಲಮಂಗಲದಲ್ಲೂ ಯಂತ್ರಾಧಾರಿತ ತಪಾಸಣಾ ಕೇಂದ್ರಗಳು ಬಂದಿವೆ. ಇಂಥ ಕೇಂದ್ರಗಳಲ್ಲಿ ಮುಂಗಾಲಿಗಳನ್ನು ಅಲುಗಾಡುವ ತಟ್ಟೆಗಳ ಮೇಲೆ ನಿಲ್ಲಿಸಿ, ತಟ್ಟೆ ಎಳೆದಾಡುವಾಗ ಕೆಳಗಿನಿಂದ ಜಾಯಿಂಟುಗಳನ್ನು ಗಮನಿಸುವ ವ್ಯವಸ್ಥೆಯಿರುತ್ತದೆ. ಗುಂಡಿಯಲ್ಲಿ ನಿಂತ ಮಿಸ್ತ್ರಿ ಮಾಡುವ ಪರೀಕ್ಷೆಯೇ ಅದು, ಯಂತ್ರದ ಕೈಯಲ್ಲಿ.

ದುರಸ್ತಿಗೊಂದು ಕ್ರಮವಿದೆ, ಅದನ್ನು ತಿರುಗಮುರುಗ ಮಾಡಿದರೆ ದುಡ್ಡು ನೀರಿಗೆ ಹೋದಂತೆ. ಮೊದಲು ಸವೆದ ಬುಷ್, ಬಾಲ್ ಜಾಯಿಂಟ್, ಬೇರಿಂಗ್ ಬದಲಾಗಬೇಕು. ಆಕ್ಸಲನ್ನು ಸ್ಪ್ರಿಂಗಿಗೆ ಹಿಡಿದಿಡುವ ಯು ಬೋಲ್ಟ್ ಸಡಿಲವಾಗಿದ್ದರೆ ಬಿಗಿಯಾಗಬೇಕು. ಆಮೇಲೆ ಅಲೈನ್‌ಮೆಂಟ್. ಬ್ಯಾಲೆನ್ಸಿಂಗ್ ಕೊನೆಗೆ. ಜಾಯಿಂಟಿನಲ್ಲಿ ಆಟ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಆ ಅಳತೆ ಯಂತ್ರದ ಮೇಲಿಂದ ಇಳಿಯುವಷ್ಟರಲ್ಲೇ ತಪ್ಪಿರುತ್ತದೆ. ಇನ್ನು ದಾರಿಯಲ್ಲೇ ಶಿಮ್ಮಿ ಎದ್ದರೆ ಗಾಬರಿಯಿಂದ ಬ್ರೇಕ್ ತುಳಿಯಬೇಡಿ, ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು ಆಕ್ಸಲರೇಟರ್ ಬಿಡಿ, ವೇಗ ತಾನಾಗಿ ಇಳಿಯಲಿ. ಗಾಡಿ ನಿಂತ ಮೇಲೆ ಟೈರ್ ಅಂಗಡಿಗೆ ಹೋಗುವ ಮೊದಲು ಗುಂಡಿಯಿರುವ ಗ್ಯಾರೇಜಿಗೆ ಹೋಗಿ, ಯಾವ ಜಾಯಿಂಟಿನಲ್ಲಿ ಎಷ್ಟು ಆಟವಿದೆ ಎಂದು ಮಿಸ್ತ್ರಿಯಿಂದ ತೋರಿಸಿಕೊಂಡು ಕಣ್ಣಾರೆ ನೋಡಿ.