ರೊಟ್ಟಿಯ ನಾರು, ಕುಸುಬೆಯ ಜಿಡ್ಡು

ಕಲಬುರಗಿಯ ಮೋಮಿನಪುರದಲ್ಲಾಗಲಿ ಕಮಲಾಪುರದ ಹೊಲದಂಚಿನಲ್ಲಾಗಲಿ, ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಅಗಸೆಯ ಹಿಂಡಿ, ಇವು ಈ ಸೀಮೆಯ ಚಿರಪರಿಚಿತ ಆಹಾರ. ಇದರೊಳಗಿನ ನಾರನ್ನು ನಿರರ್ಥಕವೆಂದೂ ಜಿಡ್ಡನ್ನು ದೇಹದ ಶತ್ರುವೆಂದೂ ಬಗೆಯುವವರುಂಟು. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸೋಣ.

ಮೊದಲು ಜಿಡ್ಡು. ಒಂದು ಗ್ರಾಂ ಪಿಷ್ಟದಿಂದ 4 ಕ್ಯಾಲೊರಿ ಶಕ್ತಿ ದೊರೆತರೆ, ಒಂದು ಗ್ರಾಂ ಜಿಡ್ಡಿನಿಂದ 9 ದೊರೆಯುತ್ತದೆ. ಎ, ಡಿ, ಇ, ಕೆ ಜೀವಸತ್ವಗಳು ಜಿಡ್ಡಿನ ನೆರವಿಲ್ಲದೆ ಸರಿಯಾಗಿ ರಕ್ತಗತವಾಗಲಾರವು. 1929ರಲ್ಲಿ ಅಮೆರಿಕದ ಬರ್ ದಂಪತಿಗಳು ಇಲಿಗಳಿಗೆ ಜಿಡ್ಡಿಲ್ಲದ ಆಹಾರವನ್ನಿತ್ತಾಗ ಅವುಗಳ ಬೆಳವಣಿಗೆ ಕುಂಠಿತವಾಗಿ ಚರ್ಮ ಹೊಪ್ಪಳಿಸಿತು. ಕೆಲವು ಮೇದಾಮ್ಲಗಳನ್ನು ದೇಹವು ತಾನೇ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು ಎಂಬುದು ಹೀಗೆ ತಿಳಿದುಬಂದಿತು. ಅಂಥ ಲಿನೋಲೆಯಿಕ್ ಆಮ್ಲ ಕುಸುಬೆಯೆಣ್ಣೆಯಲ್ಲಿ ಹೇರಳವಾಗಿದೆ. ಅದರಲ್ಲಿ ಕೊರತೆಯಿರುವ ಲಿನೋಲೆನಿಕ್ ಆಮ್ಲವನ್ನು ಅಗಸೆಯು ಒದಗಿಸುತ್ತದೆ.

ಇನ್ನು ನಾರು. ನಮ್ಮ ಜೀರ್ಣರಸಗಳು ಇದನ್ನು ಕರಗಿಸಲಾರವು. ಆದರೆ ಅದು ನೀರನ್ನು ಹಿಡಿದಿಟ್ಟು ಮಲವನ್ನು ಮೃದುವಾಗಿಸುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ನಾರಿನ ಒಂದಂಶವನ್ನು ಹುದುಗಿಸಿ ಬ್ಯುಟಿರಿಕ್ ಆಮ್ಲವನ್ನು ಉಂಟುಮಾಡುತ್ತವೆ. ಇದೇ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ. ಇದೂ ಒಂದು ಮೇದಾಮ್ಲವೇ ಎಂಬುದು ಸ್ವಾರಸ್ಯದ ಸಂಗತಿ.

ನಾರಿಗೂ ಜಿಡ್ಡಿಗೂ ಇನ್ನೊಂದು ನಂಟಿದೆ. ಜಿಡ್ಡನ್ನು ಅರಗಿಸಲು ಬೇಕಾದ ಪಿತ್ತಾಮ್ಲಗಳನ್ನು ಯಕೃತ್ತು ಕೊಲೆಸ್ಟರಾಲಿನಿಂದ ತಯಾರಿಸುತ್ತದೆ. ಕೆಲಸ ಮುಗಿದ ಮೇಲೆ ಅವುಗಳಲ್ಲಿ ಬಹುಪಾಲು ಕರುಳಿನಿಂದ ಹಿಂದಿರುಗುತ್ತವೆ. ಕರಗುವ ನಾರು ಅವುಗಳಲ್ಲಿ ಕೆಲವನ್ನು ಹಿಡಿದು ಹೊರಗೊಯ್ಯುತ್ತದೆ. ಆ ನಷ್ಟವನ್ನು ತುಂಬಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲನ್ನು ಸೆಳೆದುಕೊಳ್ಳುತ್ತದೆ. ರಕ್ತದಲ್ಲಿ ಅದರ ಪ್ರಮಾಣ ತಗ್ಗುತ್ತದೆ.

ಪ್ರಾಪ್ತವಯಸ್ಕರಿಗೆ ದಿನಕ್ಕೆ 25 ಗ್ರಾಂ ನಾರಾದರೂ ಬೇಕು, ಜಿಡ್ಡಿನಿಂದ ಬರುವ ಶಕ್ತಿ ಒಟ್ಟಿನ ನೂರಕ್ಕೆ 30 ಪಾಲನ್ನು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸೂಚಿಸಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕಗಳಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. 150 ಗ್ರಾಂ ಜೋಳದ ರೊಟ್ಟಿಯುಂಡವನಿಗೆ 15 ಗ್ರಾಂ ದೊರೆತಂತಾಯಿತು. ಉಳಿದ 10 ಗ್ರಾಮನ್ನು ಬೇಳೆ, ಸೊಪ್ಪು, ಹಣ್ಣುಗಳು ತುಂಬಬಲ್ಲವು. ಅಷ್ಟೇ ತೂಕದ ಅಕ್ಕಿಯನ್ನುಂಡವನಿಗೆ ದೊರೆಯುವುದು ಸುಮಾರು 4 ಗ್ರಾಂ ಮಾತ್ರ. ರೊಟ್ಟಿಯನ್ನು ಬಿಟ್ಟು ಬಿಳಿಯನ್ನಕ್ಕೂ ಕರಿದ ತಿಂಡಿಗಳಿಗೂ ಒಲಿಯುವ ನಾವು, ನಾರನ್ನು ಕಳೆದುಕೊಂಡು ಜಿಡ್ಡನ್ನು ಮಿತಿಮೀರಿ ಕೂಡಿಸಿಕೊಳ್ಳುತ್ತಿದ್ದೇವೆ. ಹಿಟ್ಟನ್ನು ನುಣ್ಣಗೆ ಜರಡಿಯಾಡಿ ತೌಡನ್ನು ಚೆಲ್ಲುವ ಮುನ್ನ ಈ ಲೆಕ್ಕವನ್ನು ನೆನೆಯುವುದು ಲೇಸು.